ಹಾಲೆಂಡಿಗೆ ಹಳೇ ಬೋಟು ನೋಡಲು ಹೋಗಿದ್ದು

ಬೆಳಗಾವಿಯ ರಾಮತೀರ್ಥ ನಗರ, ಹೊರಡುವ ಮೊದಲು

ನಮ್ಮವರಿಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಶಹಾಪುರದ ನೇಕಾರರ ಓಣಿಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲಿ ಬೆಳೆದು, ಮುಂದೆ ಪಂಪು ತಯಾರಿಸುವ ಸಣ್ಣ ಕಾರ್ಖಾನೆ ಹಾಕಿ ನಾಲ್ಕು ಜನರ ಬಾಯಲ್ಲಿ ಬಸವರಾಜ ಸಾಹೇಬರು ಎನಿಸಿಕೊಂಡವರು. ಪಂಪಿನೊಳಗೆ ನೀರು ಹೇಗೆ ಓಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ನೀರಿನೊಳಗೆ ತಾವು ಬಿದ್ದರೆ ಏನಾಗುತ್ತದೆ ಎಂಬುದನ್ನು ಯೋಚಿಸಿದವರಲ್ಲ.

ನಾನು ಖಾನಾಪುರದವಳು. ಅಣ್ಣಂದಿರ ಬೆನ್ನು ಹತ್ತಿ ಮಲಪ್ರಭೆಯಲ್ಲಿ ಈಜು ಕಲಿತೆ. ಈಗ ಅಲ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಹಲ್ಲಿನ ದವಾಖಾನೆ ಇಟ್ಟುಕೊಂಡಿದ್ದೇನೆ. ಬೆಳಗಾವಿಯ ಮನೆಯಿಂದ ದಿನಾ ಹೋಗಿ ಬರುತ್ತೇನೆ.

ಬಹಳ ಹಿಂದೆ ಕಾರ್ಖಾನೆಯ ಕೆಲಸಕ್ಕೆಂದು ಹಾಲೆಂಡಿಗೆ ಹೋದಾಗ ಯಾರೋ ಒಬ್ಬ ಗಿರಾಕಿ ಇವರನ್ನು ಒಂದು ರವಿವಾರ ಹಾಯಿದೋಣಿಯಲ್ಲಿ ಸುತ್ತಾಡಿಸಿದನಂತೆ. ಆ ರವಿವಾರ ಇನ್ನೂ ಮುಗಿದಿಲ್ಲ. ಕಾರ್ಖಾನೆಯನ್ನು ತಮ್ಮನಿಗೆ ಒಪ್ಪಿಸಿದ ಮೇಲಂತೂ ಮುಂಜಾನೆಯಿಂದ ಸಂಜೆಯವರೆಗೆ ಮೊಬೈಲಿನಲ್ಲಿ ಬೋಟಿನ ವಿಡಿಯೋ. ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದರು.

"ಸುಮಾ, ಅಲ್ಲಿ ಸೆಕೆಂಡ್ ಹ್ಯಾಂಡ್ ಬೋಟ್ ಭಾಳ ಸಿಗ್ತಾವು. ಸಣ್ಣದು. ಇಬ್ಬರು ಮಲಗಾಕ ಜಾಗಾ, ಒಂದು ಒಲಿ, ಒಂದು ಸಂಡಾಸ. ಅಲ್ಲೇ ಬಂದರದಾಗ ಬಿಟ್ಟು ಬರೂಣು. ವರ್ಷಾ ಬ್ಯಾಸಿಗ್ಯಾಗ ಮೂರು ತಿಂಗಳು ನಾವು ಅದರಾಗ ಇರೂಣು."

"ದವಾಖಾನಿ?"

"ಮುಚ್ಚೂದು. ಮೂರು ತಿಂಗಳು ಖಾನಾಪುರದ ಮಂದಿ ಹಲ್ಲು ಗಟ್ಟಿ ಹಿಡ್ಕೊಂಡು ಕುಂದರ್ತಾರ."

ಅವರ 'ನಾವು' ಎಂಬ ಶಬ್ದದಲ್ಲಿ ನಾನು ಎಲ್ಲಿ ಕುಳಿತಿರುತ್ತೇನೆ ಎಂಬುದು ಮದುವೆಯಾದಾಗಿನಿಂದ ನನಗೆ ಪತ್ತೆಯಾಗಿಲ್ಲ. ತಾಲೀಮಿಗೆಂದು ಒಂದು ಸಂಜೆ ಕೋಟೆ ಕೆರೆಗೆ ಕರೆದುಕೊಂಡು ಹೋಗಿ ಪೆಡಲ್ ಬೋಟಿನಲ್ಲಿ ಕೂರಿಸಿದರು. ಇವರು ಹಣೆಗೆ ಕೈ ಹಚ್ಚಿ ದಿಗಂತ ನೋಡುತ್ತಿದ್ದರು. ಪೆಡಲ್ ನಾನು ತುಳಿಯುತ್ತಿದ್ದೆ. ದಿಗಂತದಲ್ಲಿ ಭೇಲ್‌ಪುರಿ ಗಾಡಿಗಳಿದ್ದವು.

ಹೊರಡುವ ದಿನ ಶಹಾಪುರದಿಂದ ನೆಂಟರೆಲ್ಲ ಬಂದರು. ಸಣ್ಣತ್ತೆ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಕೇಳಿದರು, "ಖರೇ ಹೇಳವಾ, ಸೈಟ್ ತಗೋಳಾಕ ಹೊಂಟೀರಿ ಹೌದಿಲ್ಲೋ? ಬೋಟ್ ಅಂತ ಸುಳ್ಳು ಯಾಕ ಹೇಳ್ತೀರಿ?" ಬೋಟು ಕೊಳ್ಳಲು ಹೋಗುವವರಿಗಿಂತ ಸುಳ್ಳು ಹೇಳುವವರು ಆಕೆಗೆ ಹೆಚ್ಚು ನಂಬುವಂತೆ ಕಂಡಿದ್ದರು. ನನಗೂ ಹಾಗೇ ಅನಿಸಿತ್ತು.

ಝೀಲ್ಯಾಂಡ್, ಉಪ್ಪು ಮಳೆ

ಝೀಲ್ಯಾಂಡ್ ಎಂಬುದು ಹಾಲೆಂಡಿನ ನೈರುತ್ಯ ಮೂಲೆಯ ಪ್ರಾಂತ. ಅಲ್ಲಿ ಸಮುದ್ರ ಮೇಲಿದೆ, ರಸ್ತೆ ಕೆಳಗಿದೆ. ನಡುವೆ ಹುಲ್ಲು ಬೆಳೆದ ಉದ್ದನೆಯ ಮಣ್ಣಿನ ಒಡ್ಡು, ಒಡ್ಡಿನ ಮೇಲೆ ಕುರಿಗಳು. ನಮ್ಮಲ್ಲಿ ಜೋರು ಮಳೆ ಹೊಡೆದರೆ ರಸ್ತೆಯೇ ಸಮುದ್ರವಾಗುತ್ತದೆ, ಅಲ್ಲಿಯವರು ಸಮುದ್ರವನ್ನೇ ರಸ್ತೆಯ ಬದಿಗೆ ನಿಲ್ಲಿಸಿ ಮೇಲೆ ಕುರಿ ಮೇಯಿಸುತ್ತಾರೆ. ಮೊದಲ ರಾತ್ರಿ ಕೋಣೆಯ ಕಿಟಕಿಯಿಂದ ನೋಡಿದರೆ ಒಂದು ಹಡಗು ನಮ್ಮ ತಲೆಗಿಂತ ಎತ್ತರದಲ್ಲಿ ಹಾದುಹೋಯಿತು. ನಾನು ಚಪ್ಪಲಿಯನ್ನು ಮಂಚದ ಹತ್ತಿರವೇ ಇಟ್ಟುಕೊಂಡು ಮಲಗಿದೆ.

ಮೊದಲ ಬೋಟು ತೋರಿಸಿದವನು ಒಬ್ಬ ದಲ್ಲಾಳಿ. ಕೆಂಪು ಪ್ಯಾಂಟು, ಬಿಳಿ ಬೂಟು, ಮತ್ತು ನಾನು ಕಂಡ ಹಲ್ಲುಗಳಲ್ಲೇ ಅತಿ ಬೆಳ್ಳಗಿನ ಹಲ್ಲುಗಳು. ಅಷ್ಟು ಬೆಳ್ಳಗಿನ ಹಲ್ಲನ್ನು ದೇವರು ಯಾರಿಗೂ ಕೊಡುವುದಿಲ್ಲ. ಬೋಟೂ ಅಷ್ಟೇ ಬೆಳ್ಳಗಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಹೊಸ ಮೆತ್ತೆ, ಮೇಜಿನ ಮೇಲೆ ಹೂವು, ಮೂಲೆಯಲ್ಲಿ ಊದಿನಕಡ್ಡಿಯಂಥದ್ದೇನೋ ಉರಿಯುತ್ತಿತ್ತು. ವಾಸನೆ ಇಲ್ಲದ ಕಡೆ ಯಾರೂ ಊದಿನಕಡ್ಡಿ ಹಚ್ಚುವುದಿಲ್ಲ ಎಂದು ನನಗೆ ಗೊತ್ತು. ಖಾನಾಪುರದಲ್ಲಿ ಬಾಡಿಗೆ ಜಾಗ ಹುಡುಕಿದವಳು ನಾನು.

ದಲ್ಲಾಳಿ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಶುರುವಾಯಿತು.

"ನೋಡಿದೇನ? ಒಂದ ಏಟಿಗೆ!" ಎಂದರು ನಮ್ಮವರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನಾನು ಮುಚ್ಚಳ ಎತ್ತಿ ಎಂಜಿನ್ನಿಗೆ ಕೈ ಹಚ್ಚಿದೆ. ಬಿಸಿಯಾಗಿತ್ತು. ಆಗಷ್ಟೇ ಶುರುವಾದ ಎಂಜಿನ್ ಅಷ್ಟು ಬಿಸಿ ಆಗುವುದಿಲ್ಲ. ನಾವು ಬರುವ ಮೊದಲೇ ಯಾರೋ ಅದನ್ನು ಚೆನ್ನಾಗಿ ಓಡಿಸಿ ಸಜ್ಜು ಮಾಡಿದ್ದರು. ಆಯುಷ್ಯವಿಡೀ ಯಂತ್ರಗಳ ನಡುವೆ ಬದುಕಿದ ಮನುಷ್ಯನಿಗೆ ಇದು ತಿಳಿಯಬೇಕಿತ್ತು. ಆದರೆ ಪ್ರೀತಿ ಹುಟ್ಟಿದ ಮೇಲೆ ಯಾರು ಮುಟ್ಟಿ ನೋಡುತ್ತಾರೆ?

ಮದುವೆಮನೆಯಲ್ಲಿ ಕೂಡ ಬಾಯಿ ತೆರೆದು ಹಲ್ಲು ತೋರಿಸುವ ನೆಂಟರಿರುವುದರಿಂದ ಪರ್ಸಿನಲ್ಲಿ ಯಾವಾಗಲೂ ಒಂದು ಸಣ್ಣ ಕನ್ನಡಿಯ ಕಡ್ಡಿ ಇಟ್ಟಿರುತ್ತೇನೆ. ಮೇಲಿನ ಡೆಕ್ಕಿಗೆ ಬಂದು ಅದರ ಹಿಡಿಕೆಯಿಂದ ಮೆಲ್ಲಗೆ ಬಡಿಯುತ್ತ ಹೋದೆ. ಟಣ್, ಟಣ್, ಟಣ್. ಹಾಯಿಕಂಬದ ಬುಡಕ್ಕೆ ಬಂದಾಗ ಸದ್ದು ಬದಲಾಯಿತು. ದಬ್, ದಬ್. ಒಳಗೆ ನೀರು ಕುಡಿದು ಕೊಳೆತ ಕಟ್ಟಿಗೆಯ ಸದ್ದು. ಕಾಲಿಟ್ಟು ಒತ್ತಿದರೆ ಇಡ್ಲಿ ಒತ್ತಿದಂತೆ ತಗ್ಗುತ್ತಿತ್ತು.

ಕೆಳಗಿಳಿದು ನೆಲದ ಒಂದು ಹಲಗೆ ಎತ್ತಲು ಹೇಳಿದೆ. ದಲ್ಲಾಳಿಗೆ ಮನಸ್ಸಿರಲಿಲ್ಲ. ಎತ್ತಿದ ಮೇಲೆ ಕೆಳಗೆ ನೀರು ಕಂಡಿತು.

"ಮಳೆ ನೀರು ಮೇಡಂ. ಕಿಟಕಿ ತೆರೆದಿತ್ತು," ಎಂದ.

ನಾನು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡೆ. "ನಿಮ್ಮ ದೇಶದಲ್ಲಿ ಮಳೆ ಉಪ್ಪಾಗಿರುತ್ತದೆಯೇ?" ಎಂದು ಕೇಳಿದೆ.

ಆತ ಬಾಯಿ ಮುಚ್ಚಿದ. ಅಷ್ಟು ಬೆಳ್ಳಗಿನ ಹಲ್ಲು ಮರೆಯಾದ ಕೂಡಲೇ ಬೋಟಿನೊಳಗೆ ಕತ್ತಲಾದಂತೆನಿಸಿತು.

ನಮ್ಮವರು ಕನ್ನಡಕ್ಕೆ ಇಳಿದರು. "ಮಂದಿ ಮುಂದ ಗಟಾರ ನೀರು ನೆಕ್ತೀಯಲ್ಲ, ನಾಚಿಕಿ ಬರಂಗಿಲ್ಲೇನು? ಆಂವ ಏನ ತಿಳ್ಕೊಂಡಾನು!"

"ಆಂವ ತಿಳ್ಕೊಳ್ಳೂದು ಇರ್ಲಿ. ನೀವು ಒಮ್ಮೆ ಕೈ ಹಾಕಿ ನೋಡ್ರಿ."

ಸಿಟ್ಟಿನಲ್ಲೇ ಕೈ ಹಾಕಿದರು. ಬೋಟಿನ ತಳಕ್ಕೆ ಭಾರದ ಕಬ್ಬಿಣದ ಗುಂಡು ಕಟ್ಟಿರುವ ಬೋಲ್ಟುಗಳು ಅಲ್ಲಿದ್ದವು. ಅದು ಕಳಚಿದರೆ ಬೋಟು ಅಂಗಾತ ಬೀಳುತ್ತದೆ. ಇವರು ಕೈ ಹೊರತೆಗೆದಾಗ ಒಂದು ನಟ್ಟಿನ ಅರ್ಧ ಅಂಗೈಯಲ್ಲಿ ಬಂದಿತ್ತು, ಹಪ್ಪಳದ ತುಂಡಿನಂತೆ. ಅದನ್ನು ದಿಟ್ಟಿಸಿ ನೋಡಿದರು, ನನ್ನ ಕಡೆ ನೋಡಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ಬಣ್ಣ ಮಾತ್ರ ಛಲೋ ಹೊಡದಿದ್ದಾ."

ಹುಟ್ಟುಹಬ್ಬದ ಮನೆ

ಎರಡನೆಯ ಬೋಟು ಹೆಂಕ್ ಮತ್ತು ರೀತ್ ಎಂಬ ವಯಸ್ಸಾದ ಗಂಡ-ಹೆಂಡತಿಯದು. ನಾವು ಹೋದ ದಿನ ರೀತ್‌ಳ ಹುಟ್ಟುಹಬ್ಬವಾಗಿತ್ತು. ಪಡಸಾಲೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ ಬಂಧುಗಳೆಲ್ಲ ಮೌನವಾಗಿ ಕುಳಿತಿದ್ದರು. ನಮ್ಮಲ್ಲಾದರೆ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು ತಲೆಮೇಲೆ ಸೆರಗು ಹೊದ್ದುಕೊಳ್ಳಬೇಕು. ಒಬ್ಬೊಬ್ಬರೇ ಎದ್ದು ಬಂದು ನಮ್ಮ ಕೈ ಕುಲುಕಿ, "ರೀತ್‌ಳ ಹುಟ್ಟುಹಬ್ಬಕ್ಕಾಗಿ ನಿಮಗೆ ಅಭಿನಂದನೆಗಳು" ಎಂದರು. ಆಕೆಯ ಹುಟ್ಟಿನಲ್ಲಿ ನಮ್ಮ ಪಾತ್ರವೇನೆಂದು ತಿಳಿಯದೆ ನಮ್ಮವರು ಎಲ್ಲರಿಗೂ "ನಿಮ್ಮ ಆಶೀರ್ವಾದ" ಎನ್ನುವ ಅರ್ಥದ ಇಂಗ್ಲಿಷ್ ಹೇಳುತ್ತ ನಿಂತರು.

ಕೇಕು ಬಂತು. ಮುಂಜಾನೆಯಿಂದ ಹೊಟ್ಟೆಗೇನೂ ಇಲ್ಲದಿದ್ದರೂ ನಮ್ಮವರು ಬೆಳಗಾವಿಯ ರೀತಿಯಂತೆ ಎದೆಗೆ ಕೈ ಹಚ್ಚಿ "ಬೇಡ ಬೇಡ" ಎಂದರು. ನಮ್ಮಲ್ಲಿ ಇದು ಮೊದಲನೆಯ ಬೇಡ. ಎರಡನೆಯ ಬೇಡಕ್ಕೆ ಮನೆಯವರು ಸಿಟ್ಟಾಗಬೇಕು, ಮೂರನೆಯದಕ್ಕೆ ತಾಟಿಗೆ ಸುರಿಯಬೇಕು. ಇಲ್ಲಿ ಹಾಗಲ್ಲ. ಬೇಡ ಎಂದರೆ ಬೇಡ. ಕೇಕು ಮುಂದಿನ ಕುರ್ಚಿಗೆ ಹೋಯಿತು. ಇವರ ಕಣ್ಣು ಆ ತಾಟಿನ ಜೊತೆ ಇಡೀ ಸುತ್ತು ತಿರುಗಿತು. ನಾನು ನನ್ನ ತುಂಡನ್ನು ನಿಧಾನವಾಗಿ, ಪೂರ್ತಿ ತಿಂದೆ.

ಹೆಂಕ್ ಬೋಟಿನ ದೋಷಗಳನ್ನು ಹೇಳತೊಡಗಿದ. ಮುಂದಿನ ಕಿಟಕಿ ಸೋರುತ್ತದೆ. ದೊಡ್ಡ ಹಾಯಿ ಹಳೆಯದು, ಜೋತುಬಿದ್ದಿದೆ. ಸಂಡಾಸಿನ ಕೈಪಂಪಿಗೆ ಸಿಟ್ಟು ಬರುತ್ತದೆ. ನಮ್ಮವರು ನನ್ನ ಕಿವಿಯ ಹತ್ತಿರ ಬಾಗಿದರು. "ಇಷ್ಟು ತಾನಾಗೇ ಹೇಳಾಕತ್ತಾನ ಅಂದ್ರ ಇನ್ನ ಎಷ್ಟು ಮುಚ್ಚಿಟ್ಟಿರಬೇಕು!"

ತಪ್ಪು ಅವರದಲ್ಲ. ನಮ್ಮ ಕಡೆ ತೋರಿಸುವ ಶಾಸ್ತ್ರವೇ ಬೇರೆ. ಇವರ ಮನೆಯವರು ಖಾನಾಪುರಕ್ಕೆ ನನ್ನನ್ನು ನೋಡಲು ಬಂದಾಗ ನಡೆಸಿದರು, ಓದಿಸಿದರು, ಹಾಡು ಬರುತ್ತದೆಯೇ ಎಂದು ಕೇಳಿದರು. ನಮ್ಮ ಕಾಕಾ ನನಗೆ ರಂಗೋಲಿ, ಹಾಡು, ಹೋಳಿಗೆ ಎಲ್ಲ ಬರುತ್ತದೆ ಎಂದು ಹೇಳಿ ಕಳಿಸಿದರು. ವರನಿಗೆ ಏನು ಬರುತ್ತದೆ ಎಂದು ನಮ್ಮ ತವರಿನವರು ಯಾರೂ ಕೇಳಲಿಲ್ಲ. ಕೇಳಿದ್ದರೆ ಈಜಿನ ವಿಷಯ ಆಗಲೇ ತಿಳಿಯುತ್ತಿತ್ತು.

ಇನ್ನೊಂದು ಸಂಗತಿ ನಾನು ಗಮನಿಸಿದೆ. ನಮ್ಮವರು ಪ್ರತಿಯೊಂದು ಪ್ರಶ್ನೆಯನ್ನೂ ಹೆಂಕ್‌ನಿಗೇ ಕೇಳುತ್ತಿದ್ದರು. ಗಾಳಿ ಜೋರಾದರೆ ಹೇಗೆ ನಡೆಯುತ್ತದೆ? ಹೆಂಕ್ ಹೆಂಡತಿಯ ಕಡೆ ತಿರುಗುತ್ತಿದ್ದ, ರೀತ್ ಉತ್ತರ ಹೇಳುತ್ತಿದ್ದಳು. ತಳಕ್ಕೆ ಕೊನೆಯ ಸಲ ಬಣ್ಣ ಹೊಡೆದದ್ದು ಯಾವಾಗ? ಮತ್ತೆ ಹೆಂಕ್ ತಿರುಗುತ್ತಿದ್ದ, ಮತ್ತೆ ರೀತ್ ಹೇಳುತ್ತಿದ್ದಳು. ಉತ್ತರ ಕೇಳಿಸಿಕೊಂಡು ನಮ್ಮವರು ಹೆಂಕ್‌ನಿಗೇ ಥ್ಯಾಂಕ್ಸ್ ಹೇಳುತ್ತಿದ್ದರು.

ನೀರಿನ ಮೇಲೆ

ಮರುದಿನ ನಾಲ್ವರೂ ಬೋಟಿನಲ್ಲಿ ಹೊರಟೆವು. ಹಳೇ ಬಂದರು, ಕಲ್ಲಿನ ಗೋಡೆಗೆ ಕಟ್ಟಿದ ಬೋಟುಗಳು. ಭರತದ ಸಮಯ, ನೀರು ತುಂಬಿತ್ತು. ಮೊಣಕಾಲು ಸವೆದ ಹೆಂಕ್ ಕೂಡ ಗೋಡೆಯಿಂದ ಬೋಟಿಗೆ ಸುಲಭವಾಗಿ ಕಾಲಿಟ್ಟ. ಈ ಸಲ ಎಂಜಿನ್ ತಣ್ಣಗಿತ್ತು. ಕೆಮ್ಮಿ, ಕ್ಯಾಕರಿಸಿ ಶುರುವಾಯಿತು. ಅದು ನನಗೆ ಮೆಚ್ಚಿಗೆಯಾಯಿತು.

ರೀತ್ ನನ್ನನ್ನು ಒಳಗೆ ಕರೆದಳು. "ನಿಮ್ಮ ಗಂಡ ಎಂಜಿನ್ ನೋಡಿದರು, ಹಗ್ಗ ನೋಡಿದರು. ನೀವು ಇಲ್ಲಿ ಮಲಗಿ ನೋಡಿ."

ಮಲಗಿದೆ. ಕಾಲು ಚಾಚಿದರೆ ಕಪಾಟಿಗೆ ತಾಗಿತು. ಮಗ್ಗುಲಾದರೆ ಭುಜ ಮೇಲಿನ ಹಲಗೆಗೆ ತಾಗಿತು.

"ಈಗ ಒಲೆಯ ಮುಂದೆ ನಿಂತು ನೋಡಿ."

ಕತ್ತು ಬಗ್ಗಿಸಿ ನಿಂತೆ. ದವಾಖಾನೆಯಲ್ಲಿ ದಿನವಿಡೀ ಬಗ್ಗುವುದು ಅದೇ ಕತ್ತು.

"ಬೋಟು ಕೊಳ್ಳುವ ಮೊದಲು ಎಲ್ಲರೂ ತಳ ಬಡಿದು ನೋಡುತ್ತಾರೆ," ಎಂದಳು ರೀತ್. "ಇಲ್ಲಿ ನಿಂತು ನೋಡುವುದಿಲ್ಲ."

ಅಷ್ಟರಲ್ಲಿ ಬೋಟು ವಾಲಾಡತೊಡಗಿತು. ಬಂದರಿನ ಬಾಯಿ ದಾಟಿ ತೆರೆದ ನೀರಿಗೆ ಬಂದಿದ್ದೆವು. ಹೊರಗೆ ಬಂದು ನೋಡಿದರೆ ನಮ್ಮವರು ಕಂಬ ಹಿಡಿದು ಕುಳಿತಿದ್ದರು. ಮುಖ ಹೀರೇಕಾಯಿಯ ಬಣ್ಣಕ್ಕೆ ತಿರುಗಿತ್ತು. "ಗಾಳಿ ಛಲೋ ಐತಿ," ಎಂದರು. ಅದೇ ಅವರ ಕೊನೆಯ ನಾವಿಕನ ಮಾತು.

ರೀತ್ ಹಿಂಬದಿಗೆ ಬಾಗಿ ಎಂಜಿನ್ನಿನ ಹೊಗೆಕೊಳವೆ ನೋಡಿದಳು. ಹೊಗೆಯ ಜೊತೆ ನೀರು ಚಿಮ್ಮಬೇಕು, ಚಿಮ್ಮುತ್ತಿರಲಿಲ್ಲ. ಅಂದರೆ ಪಂಪು ಎಂಜಿನ್ನಿಗೆ ತಂಪು ನೀರು ಕಳಿಸುತ್ತಿಲ್ಲ. ಆಕೆ ಕೂಡಲೇ ಎಂಜಿನ್ ಬಂದ್ ಮಾಡಿದಳು. ಆಗ ಗೊತ್ತಾಯಿತು, ಇಳಿಯುತ್ತಿದ್ದ ನೀರಿನ ಸೆಳೆತ ನಮ್ಮನ್ನು ಉದ್ದನೆಯ ಸೇತುವೆಯ ಕಡೆಗೆ ಒಯ್ಯುತ್ತಿತ್ತು. ಸೇತುವೆಯ ಕಂಬಗಳು ಒಂದೊಂದೂ ನಮ್ಮ ಮನೆಗಿಂತ ದಪ್ಪ, ಬುಡದಲ್ಲಿ ನೀರು ಬಿಳಿಯಾಗಿ ಸುತ್ತುತ್ತಿತ್ತು.

ಹೆಂಕ್ ಏಳಲು ನೋಡಿದ. ಮೊಣಕಾಲು ಏಳಗೊಡಲಿಲ್ಲ.

"ಪಂಪು ಬಲ್ಲವರು ನೀವಲ್ಲವೇ? ಕೆಳಗಿಳಿಯಿರಿ," ಎಂದಳು ರೀತ್ ನಮ್ಮವರಿಗೆ. ನನ್ನ ಕೈಗೆ ಚುಕ್ಕಾಣಿಯ ಕೋಲು ಕೊಟ್ಟಳು. "ಆ ಚರ್ಚಿನ ಶಿಖರ ಕಾಣುತ್ತದಲ್ಲ? ಬೋಟಿನ ಮೂಗು ಅದರ ಕಡೆಗೇ ಇರಲಿ. ಏನೇ ಆದರೂ."

ತಾನು ಹಾಯಿ ಏರಿಸಲು ಮುಂದಕ್ಕೆ ಹೋದಳು, ಹುಟ್ಟುಹಬ್ಬ ಮುಗಿಸಿದ ಅಜ್ಜಿ, ಬೆಕ್ಕಿನಂತೆ. ಕೆಳಗಿನಿಂದ ಸದ್ದುಗಳು ಬರುತ್ತಿದ್ದವು: ಸ್ಪ್ಯಾನರ್ ಬಿದ್ದ ಸದ್ದು, ಆಮೇಲೆ ನಮ್ಮವರು ಪಾತ್ರೆ ತೊಳೆಯುವ ತೊಟ್ಟಿಗೆ ವಾಂತಿ ಮಾಡಿಕೊಂಡ ಸದ್ದು, ಆಮೇಲೆ ಮತ್ತೆ ಸ್ಪ್ಯಾನರ್ ಎತ್ತಿಕೊಂಡ ಸದ್ದು. ಇದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಆ ಸ್ಥಿತಿಯಲ್ಲೂ ಆ ಮನುಷ್ಯ ಪಂಪು ಬಿಡಲಿಲ್ಲ.

ಹಾಯಿ ಗಾಳಿ ಕುಡಿಯಿತು. ಬೋಟು ಒಂದು ಬದಿಗೆ ಒರಗಿತು. ಕೋಲು ನನ್ನ ಕೈಯಲ್ಲಿ ಜೀವ ಬಂದಂತೆ ಎಳೆಯತೊಡಗಿತು. ಸೆಳೆತ ಒಂದು ಕಡೆ, ಗಾಳಿ ಒಂದು ಕಡೆ. ನಾನು ಶಿಖರ ಬಿಟ್ಟು ಬೇರೇನೂ ನೋಡಲಿಲ್ಲ. ಹತ್ತಿರದ ಕಂಬ ಬದಿಗೆ ಬಂತು, ಅದರ ತಂಪು ನೆರಳು ಮುಖದ ಮೇಲೆ ಬಿತ್ತು, ಆಮೇಲೆ ನಿಧಾನವಾಗಿ ದೂರ ಸರಿಯಿತು. ಚಿಕ್ಕಂದಿನಲ್ಲಿ ಮಲಪ್ರಭೆಯ ಸುಳಿ ತಪ್ಪಿಸಿ ದಡ ಮುಟ್ಟಿದಾಗ ಹೊಟ್ಟೆಯಲ್ಲಿ ಏನೋ ನಗುತ್ತಿತ್ತಲ್ಲ, ಅದೇ ನಗು ಬಂತು. ಜೋರಾಗಿಯೇ ನಕ್ಕೆ.

ನಮ್ಮವರು ಮೇಲೆ ಬಂದಾಗ ಒಂದು ಕೈಯಲ್ಲಿ ಕಡಲಪಾಚಿಯ ಉಂಡೆ, ಇನ್ನೊಂದರಲ್ಲಿ ಪಂಪಿನೊಳಗಿನ ಹರಿದ ರಬ್ಬರ್ ಚಕ್ರ. ಬೋಟಿನಲ್ಲೇ ಇದ್ದ ಹೊಸ ಚಕ್ರ ಕೂರಿಸಿದ್ದರು. ಎಂಜಿನ್ ಶುರುವಾಯಿತು, ಕೊಳವೆಯಿಂದ ನೀರು ಚಿಮ್ಮಿತು.

"ನಿಮ್ಮ ಗಂಡ ಒಳ್ಳೆಯ ಮೆಕ್ಯಾನಿಕ್," ಎಂದಳು ರೀತ್. ನಮ್ಮವರು ಅಭಿಮಾನದಿಂದ ಹೆಂಕ್‌ನ ಕಡೆ ನೋಡಿದರು. ಹೆಂಕ್ ಕೈಯೆತ್ತಿ ಹೆಂಡತಿಯನ್ನು ತೋರಿಸಿದ. ಆಗ ಮೊದಲ ಬಾರಿಗೆ ಇವರು ಆಕೆಯ ಕಡೆ ತಿರುಗಿ ಥ್ಯಾಂಕ್ಸ್ ಹೇಳಿದರು.

ಬಂದರಿನ ಏಣಿ

ಮರಳಿ ಬಂದಾಗ ನೀರು ಇಳಿದಿತ್ತು. ಮುಂಜಾನೆ ಕಾಲಿಟ್ಟು ದಾಟಿದ ಗೋಡೆ ಈಗ ತಲೆಯ ಮೇಲೆ ಎದ್ದು ನಿಂತಿತ್ತು. ಗೋಡೆಗೆ ಹಚ್ಚಿದ ಕಬ್ಬಿಣದ ಏಣಿಯ ತುಂಬ ಹಸಿರು ಪಾಚಿ. ಹೆಂಕ್ ಅದನ್ನು ನೋಡುವ ಗೋಜಿಗೂ ಹೋಗಲಿಲ್ಲ. ಥರ್ಮಾಸ್ ತೆಗೆದ, ಪೇಪರ್ ಬಿಚ್ಚಿದ. ನೀರು ಮತ್ತೆ ಏರುವವರೆಗೆ ಅವನು ಅಲ್ಲೇ. ಬೋಟು ಮಾರುತ್ತಿರುವುದು ಯಾಕೆಂದು ಹೇಳಬೇಕಾಗಲಿಲ್ಲ.

ನಮ್ಮವರು ಏಣಿ ಹತ್ತಿದರು. ನಡುವೆ ಕಾಲು ಜಾರಿ ಒಂದು ಬೂಟು ನೀರಿಗೆ ಬಿತ್ತು. ಮೇಲೆ ಮುಟ್ಟಿ, ಒಂದು ಬೂಟಿನಲ್ಲಿ ನಿಂತು, "ಏನಾಗಿಲ್ಲ, ಏನಾಗಿಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿದರು.

ರೀತ್ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಈ ಬೋಟನ್ನು ನಿಮ್ಮ ಗಂಡನಿಗೆ ಮಾರುವುದಿಲ್ಲ. ಅವರು ನೀರಿಗೆ ಹೆದರುವುದಿಲ್ಲ, ಅಂಥವರು ಬೇಗ ಸಾಯುತ್ತಾರೆ. ನಿಮಗಾದರೆ ಮಾರುತ್ತೇನೆ. ನಿಮಗೆ ಬೇಕೇ?"

ಅಲ್ಲಿಯ ಜನರ ನೇರ ಮಾತಿಗೆ ನಾನಿನ್ನೂ ಒಗ್ಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಪ್ರಶ್ನೆಗೇ ಒಗ್ಗಿರಲಿಲ್ಲ. ಬೋಟಿನ ಮಾತು ಮನೆಯಲ್ಲಿ ಶುರುವಾದಾಗಿನಿಂದ ಯಾರೂ ಅದನ್ನು ನನಗೆ ಕೇಳಿರಲಿಲ್ಲ. ನಾನು ನಿಜವಾಗಿಯೂ ಯೋಚಿಸಿದೆ. ಕೈಯಲ್ಲಿ ಕೋಲಿನ ಎಳೆತ ಇನ್ನೂ ಇತ್ತು. ಕತ್ತಿನಲ್ಲಿ ಒಲೆಯ ಮುಂದೆ ಬಗ್ಗಿದ ನೋವೂ ಇತ್ತು. ಖಾನಾಪುರದಲ್ಲಿ ಅರ್ಧ ಕಟ್ಟಿದ ಹಲ್ಲುಸಾಲಿನೊಂದಿಗೆ ಕಾಯುತ್ತಿರುವವರ ಮುಖಗಳು ಬಂದವು. ಒಂದು ದಿನ ನಕ್ಕಿದ್ದು ನಿಜ. ಆದರೆ ಮೂರು ತಿಂಗಳು ಆ ಪೆಟ್ಟಿಗೆಯೊಳಗಿನ ಬಾಳು ನನಗೆ ಬೇಡವಾಗಿತ್ತು.

"ಬೇಡ," ಎಂದೆ.

ರೀತ್ ತಲೆಯಾಡಿಸಿದಳು. ಎರಡನೆಯ ಸಲ ಕೇಳಲಿಲ್ಲ. ಬೇಡ ಎಂದರೆ ಬೇಡ ಎಂದು ತಿಳಿಯುವ ದೇಶ ನನಗೆ ಆ ಕ್ಷಣ ಬಹಳ ಹಿಡಿಸಿತು.

ಒಡ್ಡಿನ ಮೇಲಿನ ಬೆಂಚಿನಲ್ಲಿ ಕುಳಿತು ನಮ್ಮವರಿಗೆ ಹೇಳಿದೆ.

"ಬೋಟ್ ನನಗ ಬ್ಯಾಡ್ರಿ. ಮೊದಲಿಂದಲೂ ಬ್ಯಾಡಾಗಿತ್ತು."

"ಹಂಗಾರ ಮೊದಲ ಹೇಳಬೇಕಿಲ್ಲೇನು?"

"ಮೊದಲ ಕೇಳಬೇಕಿಲ್ಲೇನು?"

ನಮ್ಮವರು ಬೂಟಿಲ್ಲದ ಕಾಲು ಮುಂದೆ ಚಾಚಿದರು. ಒದ್ದೆ ಕಾಲುಚೀಲ ತೆಗೆದು ಹಿಂಡಿದರು. ಒಂದು ಕುರಿ ಹತ್ತಿರ ಬಂದು ಅದನ್ನು ಮೂಸಿ ನೋಡಿ ಹೋಯಿತು. ಆಮೇಲೆ ಹೇಳಿದರು, "ಖರೇ ಐತಿ."

ಮರುದಿನ ರೀತ್ ತಾನಾಗಿ ನಮ್ಮ ಕೋಣೆಗೆ ಬಂದಳು. ಈ ವರ್ಷ ಬೋಟು ಮಾರುವುದಿಲ್ಲವಂತೆ. ಮುಂದಿನ ಬೇಸಿಗೆಯಲ್ಲಿ ಇನ್ನೊಮ್ಮೆ ಉತ್ತರದ ದ್ವೀಪಗಳವರೆಗೆ ಹೋಗುವ ಆಸೆಯಂತೆ. ಏಣಿ ಹತ್ತುವ ಕಾಲು ಮತ್ತು ಪಂಪು ತಿಳಿದ ಕೈ ಬೇಕು. ದ್ವೀಪಗಳಲ್ಲಿ ಹೆಂಕ್ ಬೇರೆ ಹಡಗಿನಲ್ಲಿ ಬಂದು ಸೇರುತ್ತಾನೆ. "ಬರುತ್ತೀರಾ? ನಾನು ಹೇಳಿದ ಹಾಗೆ ಕೇಳಬೇಕು. ಅಡುಗೆ ಪಾಳಿಯ ಮೇಲೆ. ಈಜು ಕಲಿಯದಿದ್ದರೆ ಬರಬೇಡಿ," ಎಂದಳು ನಮ್ಮವರಿಗೆ.

ಇವರು ನನ್ನ ಕಡೆ ತಿರುಗಿದರು. "ಸುಮಾ, ಹೋಗ್ಲ್ಯಾ?"

'ನಾವು' ಎನ್ನಲಿಲ್ಲ. ಹೋಗ್ಲ್ಯಾ ಎಂದರು. ಕೇಳಿದರು. ಕೇಳಿದ ಮೇಲೆ ಇಲ್ಲವೆನ್ನಲು ನನಗೇನು ಹಕ್ಕಿತ್ತು? ಇತ್ತು, ಆದರೆ ಬಳಸಲಿಲ್ಲ.

ಖಾನಾಪುರ

ಚಳಿಗಾಲವಿಡೀ ನಮ್ಮವರು ಬೆಳಗಾವಿಯ ಒಂದು ಈಜುಕೊಳದಲ್ಲಿ ಕನ್ನಡ ಸಾಲೆಯ ಮಕ್ಕಳ ಜೊತೆ, ಬೆನ್ನಿಗೆ ಥರ್ಮೋಕೋಲ್ ಕಟ್ಟಿಕೊಂಡು, ಕೈಕಾಲು ಬಡಿದರು. ಈಜು ಕಲಿತರೆಂದು ನಾನು ಹೇಳಲಾರೆ, ಮುಳುಗುವುದನ್ನು ಮುಂದೂಡಲು ಕಲಿತರು. ಬೇಸಿಗೆಗೆ ಹೊರಟೇಬಿಟ್ಟರು. ಅಲ್ಲಿಂದ ಫೋನು ಬರುತ್ತದೆ. ಬಟಾಟೆ ಸಿಪ್ಪೆ ದಪ್ಪಗೆ ತೆಗೆದದ್ದಕ್ಕೆ ರೀತ್ ಬೈದಳಂತೆ. ಹಗ್ಗ ತಪ್ಪಾಗಿ ಸುತ್ತಿದ್ದಕ್ಕೂ ಬೈದಳಂತೆ. ದನಿ ಮಾತ್ರ ಇಷ್ಟು ಖುಷಿಯಾಗಿದ್ದದ್ದನ್ನು ನಾನು ಕೇಳಿದ್ದಿಲ್ಲ. ನನ್ನ ಮನೆಯೂ ಇಷ್ಟು ಶಾಂತವಾಗಿದ್ದದ್ದಿಲ್ಲ.

ಮೊನ್ನೆ ಒಬ್ಬರು ಹಲ್ಲು ಕೀಳಿಸಿಕೊಳ್ಳಲು ಬಂದಿದ್ದರು. ಹೆಂಚಿನ ವ್ಯಾಪಾರದ ಹಿರಿಯರು, ಮರಾಠಿ ಮನೆಮಾತು, ಕನ್ನಡ ಪೇಟೆಮಾತು. ಸೂಜಿ ಚುಚ್ಚಿ ದವಡೆ ಮರಗಟ್ಟುವುದನ್ನು ಕಾಯುತ್ತಿದ್ದೆವು.

"ಡಾಕ್ಟರ್ ಬಾಯಿ, ಸಾಹೇಬ್ರು ಕಾಣವಲ್ರು? ಎಲ್ಲಿಗಿ ಹೋಗ್ಯಾರ್ರಿ?"

"ಹಾಲೆಂಡಿನಾಗ ಅದಾರ್ರಿ. ಒಬ್ಬಾಕಿ ಅಜ್ಜಿ ಬೋಟಿನಾಗ ಕೆಲಸಕ್ಕ ನಿಂತಾರ."

"ಪಗಾರ?"

"ಪಗಾರ ಇಲ್ರಿ. ಊಟ ಅಕಿ ಹಾಕ್ತಾಳ. ಭಾಂಡಿ ಇವರು ತಿಕ್ತಾರ. ಅಕಿ ಹೇಳಿದ್ದ ದಿಕ್ಕಿಗೆ ಹೋಗೂದು, ಅಕಿ ಬೈದದ್ದು ಕೇಳೂದು."

ಹಿರಿಯರು ಅರ್ಧ ಮರಗಟ್ಟಿದ ದವಡೆ ಸವರಿಕೊಂಡರು.

"ಅಂದ್ರ ಲಗ್ನ ಆದಂಗ ಆತಲ್ರಿ," ಎಂದರು. "ಬರೇ ನಿಮ್ಮ ಪಾಳಿ ಅವರಿಗಿ ಬಂತು."

"ಬಾಯಿ ದೊಡ್ಡದು ತಗೀರಿ," ಎಂದೆ.